ಕೂಡಿಕೆ ಮತ್ತು ಬಿಡುಗಡೆ

ಎತ್ತುಗಳನ್ನು ಚಕ್ಕಡಿಗೆ ಹೂಡುವುದನ್ನು ಕಂಡವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ನೊಗವು ಎತ್ತಿನ ಹೆಗಲಿನ ಮೇಲೆ ಭದ್ರವಾಗಿ ಕುಳಿತಿರಬೇಕು. ಕೊರಳಿಗೆ ಕಟ್ಟಿದ ಪಟ್ಟಿಯು ದಾರಿಯುದ್ದಕ್ಕೂ ಸಡಿಲಾಗಬಾರದು. ಆದರೆ ಕೆಸರಿನಲ್ಲಿ ಕಾಲು ಜಾರಿ ಎತ್ತು ಬಿದ್ದಿತೆಂದರೆ, ಅದೇ ಪಟ್ಟಿಯು ಒಂದು ಕ್ಷಣದಲ್ಲಿ ಬಿಚ್ಚಿಕೊಳ್ಳಬೇಕು. ತಡವಾದರೆ ಆ ಮೂಕಪ್ರಾಣಿಗೆ ನೊಗವೇ ಉರುಲಾಗುತ್ತದೆ. ಆದುದರಿಂದ ಒಳ್ಳೆಯ ಕೂಡಿಕೆಗೆ ಎರಡು ಗುಣಗಳು ಇರಬೇಕು: ಬೇಕಾದಾಗ ಬಿಗಿಯಾಗಿ ಹಿಡಿಯುವುದು, ಬೇಡವಾದಾಗ ಬೇಗನೆ ಬಿಡುವುದು. ಕೊಳ್ಳು ಕಟ್ಟುವುದೂ ಕೊಳ್ಳು ಹರಿಯುವುದೂ ಬೇಸಾಯಗಾರನಿಗೆ ಸಮನಾದ ವಿದ್ಯೆಗಳು.

ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಸೀಮೆಯಲ್ಲಿ ಎತ್ತಿನ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರು ವಹಿಸಿಕೊಂಡಿದೆ. ಮಲಪ್ರಭೆಯ ಬಯಲಿನ ಎರೆ ಹೊಲಗಳಲ್ಲಿ ಜೋಳ, ಕಡಲೆ, ಹತ್ತಿಗಳ ಬಿತ್ತನೆಗೆ ಅದೇ ಬೇಕು. ಕಬ್ಬನ್ನು ಕಾರ್ಖಾನೆಗೆ ಸಾಗಿಸಲು ಅದೇ ಬೇಕು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಮಂದಿಯಲ್ಲಿ ಅನೇಕರು ಚಕ್ಕಡಿಯ ಬದಲು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಕುಳಿತು ಹೋಗುತ್ತಾರೆ. ಕಿತ್ತೂರಿನ ಬದಿಯಲ್ಲಿ ಸಾಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಓಡುತ್ತವೆ. ಈ ಎಲ್ಲ ವಾಹನಗಳ ಒಳಗೂ ಕಣ್ಣಿಗೆ ಕಾಣದ ಒಂದು ಶಕ್ತಿಯನ್ನು ಹೂಡಿರುತ್ತಾರೆ. ಅದು ಬ್ಯಾಟರಿಯ ವಿದ್ಯುತ್ತು. ಆ ಶಕ್ತಿಯನ್ನು ಹೂಡುವ ಮತ್ತು ಬಿಚ್ಚುವ ಬಗೆ ಹೇಗೆ, ಅದರಲ್ಲಿ ಎಚ್ಚರ ತಪ್ಪಿದರೆ ಆಗುವ ಕೇಡೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಬ್ಯಾಟರಿಯ ಇತಿಹಾಸವು ಬಹಳ ಹಳೆಯದಲ್ಲ. ಇಟಲಿಯ ವಿಜ್ಞಾನಿ ವೋಲ್ಟಾ 1800ರಲ್ಲಿ ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿರಿಸಿ, ನಿರಂತರವಾಗಿ ಹರಿಯುವ ವಿದ್ಯುತ್ತನ್ನು ಪಡೆದನು. ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸದ ಹಾಳೆಗಳನ್ನು ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿಸಿ, ಮರಳಿ ಮರಳಿ ತುಂಬಿಕೊಳ್ಳಬಹುದಾದ ಬ್ಯಾಟರಿಯನ್ನು ನಿರ್ಮಿಸಿದನು. ಇಂದು ಟ್ರ್ಯಾಕ್ಟರಿನಲ್ಲಿ ಕಾಣುವ ಕಪ್ಪು ಪೆಟ್ಟಿಗೆಯು ಬಹುತೇಕ ಆ ವಂಶದ್ದೇ. ಅದರೊಳಗೆ ಆರು ಕೋಶಗಳಿರುತ್ತವೆ. ಒಂದೊಂದು ಕೋಶದ ವಿಭವಾಂತರವು ಎರಡು ವೋಲ್ಟಿಗಿಂತ ತುಸು ಹೆಚ್ಚು. ಆರನ್ನೂ ಸಾಲಾಗಿ ಜೋಡಿಸುವುದರಿಂದ ಅದನ್ನು 12 ವೋಲ್ಟಿನ ಬ್ಯಾಟರಿ ಎನ್ನುತ್ತೇವೆ. ದೊಡ್ಡ ಲಾರಿಗಳಲ್ಲಿ ಇಂಥ ಎರಡು ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿ 24 ವೋಲ್ಟನ್ನು ಪಡೆಯುವುದುಂಟು.

ಮೊದಲಿನ ಮೋಟಾರು ವಾಹನಗಳ ಎಂಜಿನ್ನನ್ನು ಮುಂಭಾಗದಲ್ಲಿ ಕಬ್ಬಿಣದ ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ ಹೊರಡಿಸಬೇಕಾಗಿತ್ತು. ಎಂಜಿನ್ನು ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ, ಕೆಟರಿಂಗ್ ಎಂಬ ಎಂಜಿನಿಯರನ ಯೋಜನೆಯಂತೆ, ವಿದ್ಯುತ್ ಮೋಟಾರಿನಿಂದ ಎಂಜಿನ್ನನ್ನು ತಿರುಗಿಸುವ ಏರ್ಪಾಡು ಬಂದಿತು. ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದು ಕರೆಯುವುದು ಇದನ್ನೇ. ಇದರಿಂದ ಮನುಷ್ಯನ ತೋಳಿನ ಶ್ರಮ ತಪ್ಪಿತು. ಆದರೆ ಆ ಶ್ರಮವೆಲ್ಲ ಬ್ಯಾಟರಿಯ ಮೇಲೆಯೂ ಅದಕ್ಕೆ ಕೂಡಿಸಿದ ತಂತಿಗಳ ಮೇಲೆಯೂ ಬಿದ್ದಿತು.

ಆ ಶ್ರಮ ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಸೆಲ್ಫ್ ಮೋಟಾರು ಎಂಜಿನ್ನನ್ನು ತಿರುಗಿಸುವಾಗ 300 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಆಗ 12 ವೋಲ್ಟಿನ ಬ್ಯಾಟರಿಯಿಂದ ಹೊರಡುವ ಸಾಮರ್ಥ್ಯ 3600 ವ್ಯಾಟ್. ಇನ್ನೊಂದು ಉದಾಹರಣೆ ವಿಂಚ್. ಬಾವಿಯ ರಾಟೆಯಂತೆ ಹಗ್ಗವನ್ನು ಸುತ್ತಿಕೊಂಡು ಭಾರವನ್ನು ಎಳೆಯುವ ಯಂತ್ರವಿದು. ಜೀಪಿನ ಮುಂದೆಯೋ ರಕ್ಷಣಾ ವಾಹನದ ಮುಂದೆಯೋ ಇದನ್ನು ಬಿಗಿದಿರುತ್ತಾರೆ. ಮಳೆಗಾಲದಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬಿ ಅಂಟಿನಂತಾದಾಗ, ಹುಗಿದ ಗಾಲಿಯನ್ನು ಎಳೆದು ತೆಗೆಯಲು ಇಂಥ ಯಂತ್ರವು ಬಹಳ ಉಪಯುಕ್ತ. ಸುಮಾರು ನಾಲ್ಕು ಟನ್ನಿನ ಸೆಳೆತಕ್ಕೆಂದು ಮಾಡಿದ 12 ವೋಲ್ಟಿನ ವಿಂಚು ಪೂರ್ಣ ಭಾರವನ್ನು ಎಳೆಯುವಾಗ 400 ಆಂಪಿಯರಿನಷ್ಟು ಪ್ರವಾಹವನ್ನು ಬೇಡುತ್ತದೆ. ಎಂದರೆ 4800 ವ್ಯಾಟ್; ಆರು ಅಶ್ವಶಕ್ತಿಗೂ ಮಿಗಿಲು.

ಇಷ್ಟೇ ಸಾಮರ್ಥ್ಯವನ್ನು ಮನೆಯ 230 ವೋಲ್ಟಿನ ತಂತಿಯಿಂದ ಪಡೆದಿದ್ದರೆ 21 ಆಂಪಿಯರ್ ಸಾಕಾಗುತ್ತಿತ್ತು. ವಿಭವಾಂತರವು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಪ್ರವಾಹ ಬೇಕು. ‘ಹನ್ನೆರಡೇ ವೋಲ್ಟು, ಇದೇನು ಮಾಡೀತು!’ ಎಂಬ ಉಪೇಕ್ಷೆಯು ಹುಟ್ಟುವುದು ಈ ತತ್ತ್ವವನ್ನು ಅರಿಯದೆ ಇರುವುದರಿಂದ. 12 ವೋಲ್ಟಿನ ಬ್ಯಾಟರಿಯನ್ನು ಒಣಗೈಯಿಂದ ಮುಟ್ಟಿದರೆ ಆಘಾತವಾಗುವುದಿಲ್ಲ, ನಿಜ. ಚರ್ಮದ ರೋಧವು ಹೆಚ್ಚಾಗಿರುವುದರಿಂದ ಅದರೊಳಗೆ ಪ್ರವಾಹವು ಹರಿಯಲಾರದು. ಆದರೆ ಲೋಹದ ರೋಧ ಅತ್ಯಲ್ಪ. ಬ್ಯಾಟರಿಯ ಎರಡು ತುದಿಗಳಿಗೂ ಒಮ್ಮೆಲೇ ಪಾನಾ ತಗುಲಿದರೆ ಸಾವಿರ ಆಂಪಿಯರಿಗೂ ಮೀರಿದ ಪ್ರವಾಹವು ಅದರೊಳಗೆ ನುಗ್ಗುತ್ತದೆ. ಕಬ್ಬಿಣವು ಕೆಂಪಗೆ ಕಾಯುತ್ತದೆ, ಕಿಡಿಗಳು ಸಿಡಿಯುತ್ತವೆ. ಪಾನಾದ ಬದಲು ಕೈಯ ಕಡಗವೋ ಉಂಗುರವೋ ತಗುಲಿದರೆ ಏನಾಗುವುದೆಂಬುದನ್ನು ಹೇಳಬೇಕಾಗಿಲ್ಲ. ಬ್ಯಾಟರಿಯ ಅಪಾಯವು ಆಘಾತದಲ್ಲಿಲ್ಲ, ಉಷ್ಣದಲ್ಲಿದೆ.

ಈ ಉಷ್ಣದ ನಿಯಮವನ್ನು ಇಂಗ್ಲೆಂಡಿನ ಜೂಲ್ ಎಂಬ ವಿಜ್ಞಾನಿ 1841ರಲ್ಲಿ ಪ್ರಕಟಿಸಿದನು. ವಾಹಕದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಗುಣವಾಗಿರುತ್ತದೆ. ಪ್ರವಾಹವು ಇಮ್ಮಡಿಯಾದರೆ ಉಷ್ಣವು ನಾಲ್ಮಡಿಯಾಗುತ್ತದೆ. ಬ್ಯಾಟರಿಯ ತುದಿಗೂ ತಂತಿಗೂ ನಡುವೆ ಇರುವ ಕೂಡಿಕೆಯನ್ನು ಈ ನಿಯಮದಿಂದ ಪರೀಕ್ಷಿಸೋಣ. ಕೂಡಿಕೆಯು ಶುಚಿಯಾಗಿದ್ದು ಬಿಗಿಯಾಗಿದ್ದರೆ ಅದರ ರೋಧ 0.0002 ಓಮ್‌ನಷ್ಟು ಇರಬಹುದು. ಅದರೊಳಗೆ 300 ಆಂಪಿಯರ್ ಹರಿದಾಗ ಹುಟ್ಟುವ ಉಷ್ಣ 18 ವ್ಯಾಟ್. ನಷ್ಟವಾಗುವ ವಿಭವಾಂತರ 0.06 ವೋಲ್ಟ್. ಇದು ಗಮನಕ್ಕೂ ಬಾರದು. ಅದೇ ಕೂಡಿಕೆಯು ಸಡಿಲಾಗಿ, ಧೂಳು ಕವಿದು, ಮೇಲೆ ಬಿಳಿಯ ಅಥವಾ ನೀಲಿ ಹಸುರಿನ ಪುಡಿ ಬೆಳೆದು, ರೋಧವು 0.01 ಓಮ್‌ಗೆ ಏರಿತೆಂದುಕೊಳ್ಳೋಣ. ಆಗ ಅಷ್ಟೇ ಪ್ರವಾಹಕ್ಕೆ ಹುಟ್ಟುವ ಉಷ್ಣ 900 ವ್ಯಾಟ್. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಕಾಯಿಸಲು ಸಾಕಾಗುವ ಉಷ್ಣವು ಹೆಬ್ಬೆರಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಜೊತೆಗೆ 3 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಉಳಿದ ವಿಭವಾಂತರವು ಎಂಜಿನ್ನನ್ನು ತಿರುಗಿಸಲು ಸಾಲದು. ಬ್ಯಾಟರಿ ಸತ್ತಿತೆಂದು ಹೊಸದನ್ನು ಕೊಂಡು ತರುವ ಎಷ್ಟೋ ಸಂದರ್ಭಗಳಲ್ಲಿ ನಿಜವಾಗಿ ಸತ್ತಿರುವುದು ಬ್ಯಾಟರಿಯಲ್ಲ, ಅದರ ಕೂಡಿಕೆ.

ವಾಹನಗಳಲ್ಲಿ ಸಾಮಾನ್ಯವಾಗಿರುವ ಕೂಡಿಕೆಯೆಂದರೆ ಸೀಸದ ಗುಬಟಿಗೆ ಹಾಕಿ ಬೋಲ್ಟಿನಿಂದ ಬಿಗಿಯುವ ಹಿಡಿ. ಅದು ಬಿಗಿಯಾಗಿ ಹಿಡಿಯುತ್ತದೆ; ಆದರೆ ಬೇಗನೆ ಬಿಡುವುದಿಲ್ಲ. ಅದನ್ನು ಬಿಚ್ಚಲು ತಕ್ಕ ಅಳತೆಯ ಪಾನಾ ಬೇಕು, ಬೆಳಕು ಬೇಕು, ಸಮಯ ಬೇಕು. ಬ್ಯಾಟರಿಯನ್ನು ತುಂಬಿಸಲೆಂದು ಪದೇ ಪದೇ ಬಿಚ್ಚಿ ಹಾಕಿದಂತೆ ಸೀಸದ ಗುಬಟು ಸವೆಯುತ್ತದೆ. ಸವೆದಷ್ಟೂ ಹಿಡಿ ಸಡಿಲಾಗುತ್ತದೆ. ಈ ಕೊರತೆಯನ್ನು ನೀಗಿಸಲು ಬಂದ ಸಾಧನವೇ ಕ್ಷಣದಲ್ಲಿ ಕೂಡಿಸಿ ಕ್ಷಣದಲ್ಲಿ ಬಿಡಿಸಬಹುದಾದ ಬ್ಯಾಟರಿ ಕನೆಕ್ಟರ್.

ಇದರ ರಚನೆ ಸರಳವಾದುದು. ಗಟ್ಟಿಯಾದ ಪ್ಲಾಸ್ಟಿಕ್ಕಿನ ಎರಡು ತುಂಡುಗಳು. ಒಂದೊಂದರಲ್ಲಿಯೂ ಎರಡೆರಡು ಕಂಡಿಗಳು. ಪ್ರತಿ ಕಂಡಿಯೊಳಗೆ ಬೆಳ್ಳಿಯ ಲೇಪವಿರುವ ತಾಮ್ರದ ಚಪ್ಪಟೆ ನಾಲಗೆ; ಅದರ ಕೆಳಗೆ ಉಕ್ಕಿನ ಪಟ್ಟಿಯ ಸ್ಪ್ರಿಂಗು. ಎರಡು ತುಂಡುಗಳನ್ನು ಎದುರುಬದುರಾಗಿ ಹಿಡಿದು ಒತ್ತಿದಾಗ ನಾಲಗೆಗಳು ಒಂದರ ಮೇಲೊಂದು ಜಾರಿ ಕೂಡುತ್ತವೆ. ಸ್ಪ್ರಿಂಗು ಅವನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಹೀಗೆ ಜಾರುವಾಗ ಒಂದರ ಮೈಯನ್ನೊಂದು ಉಜ್ಜಿ ಒರೆಸುವುದರಿಂದ ತೆಳುವಾದ ಕೊಳೆಯೂ ಕಳೆಯುತ್ತದೆ. ಇನ್ನೊಂದು ಸೊಗಸೆಂದರೆ, ಎರಡು ತುಂಡುಗಳೂ ಒಂದೇ ಅಚ್ಚಿನವು. ಮನೆಯ ಗೋಡೆಯ ಪ್ಲಗ್ಗಿನಂತೆ ಇಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಒಂದನ್ನು ತಿರುವಿಹಾಕಿ ಇನ್ನೊಂದಕ್ಕೆ ಕೂಡಿಸಬಹುದು. ತಲೆಕೆಳಗಾಗಿ ಮಾತ್ರ ಕೂಡುವುದಿಲ್ಲ. ಆದುದರಿಂದ ಸರಿಯಾಗಿ ತಂತಿ ಹಾಕಿದ ಮೇಲೆ ಧನಾಗ್ರಕ್ಕೆ ಧನಾಗ್ರವೂ ಋಣಾಗ್ರಕ್ಕೆ ಋಣಾಗ್ರವೂ ಸೇರಿಯೇ ಸೇರುತ್ತವೆ. ಕತ್ತಲೆಯಲ್ಲಿಯೂ ಅದಲುಬದಲಾಗುವ ಭಯವಿಲ್ಲ.

ಈ ಕನೆಕ್ಟರುಗಳು 50, 120, 175, 350 ಆಂಪಿಯರ್ ಎಂಬ ಬೇರೆ ಬೇರೆ ಅಳತೆಗಳಲ್ಲಿ ದೊರೆಯುತ್ತವೆ. ಒಂದು ಪದ್ಧತಿಯಂತೆ ಬಣ್ಣಕ್ಕೊಂದು ವಿಭವಾಂತರವನ್ನು ಗೊತ್ತುಪಡಿಸಿದ್ದಾರೆ: ಹಳದಿಗೆ 12 ವೋಲ್ಟ್, ಕೆಂಪಿಗೆ 24, ಬೂದಿಗೆ 36, ನೀಲಿಗೆ 48. ಒಂದು ಬಣ್ಣದ ತುಂಡು ಇನ್ನೊಂದು ಬಣ್ಣದ ತುಂಡಿಗೆ ಕೂಡದಂತೆ ಒಳಗೆ ತಡೆಗಳನ್ನು ಇರಿಸಿರುತ್ತಾರೆ. ಲಾರಿಯ 24 ವೋಲ್ಟನ್ನು ಟ್ರ್ಯಾಕ್ಟರಿನ 12 ವೋಲ್ಟಿಗೆ ಕೂಡಿಸುವ ಪ್ರಮಾದವು ಇದರಿಂದ ತಪ್ಪುತ್ತದೆ. ಆದರೆ ಬಳಕೆಯಲ್ಲಿ ಬೂದು ಬಣ್ಣದ್ದನ್ನೇ ಎಲ್ಲಕ್ಕೂ ಹಾಕಿರುವುದುಂಟು. ಆದುದರಿಂದ ಬಣ್ಣವನ್ನಷ್ಟೇ ನಂಬದೆ ಮೀಟರಿನಿಂದ ಅಳೆದು ನೋಡುವುದು ಜಾಣತನ.

ಕಾರ್ಖಾನೆ ಮತ್ತು ಗೋದಾಮುಗಳಲ್ಲಿ ಭಾರವನ್ನೆತ್ತುವ ಬ್ಯಾಟರಿ ಗಾಡಿಗಳಲ್ಲಿ ಇಂಥ ಕನೆಕ್ಟರುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಕೆಲಸದ ಒಂದು ಪಾಳಿ ಮುಗಿದೊಡನೆ ಬರಿದಾದ ಬ್ಯಾಟರಿಯನ್ನು ಬಿಡಿಸಿ ತುಂಬಿದ್ದನ್ನು ಕೂಡಿಸಬೇಕು. ಅಲ್ಲಿ ಪಾನಾ ಹುಡುಕುತ್ತ ಕುಳಿತರೆ ಕೆಲಸ ನಿಲ್ಲುತ್ತದೆ. ಇಂದು ನಗರಗಳಲ್ಲಿ ಓಡುವ ಬ್ಯಾಟರಿ ರಿಕ್ಷಾಗಳಲ್ಲಿಯೂ ಇವನ್ನು ಕಾಣಬಹುದು. ಟ್ರ್ಯಾಕ್ಟರು, ಜೀಪುಗಳಿಗೆ ಇವುಗಳಿಂದ ಮೂರು ವಿಧದ ಉಪಯೋಗವಿದೆ. ಮೊದಲನೆಯದು, ತುಂಬಿಸಲೆಂದು ಬ್ಯಾಟರಿಯನ್ನು ಸುಲಭವಾಗಿ ಹೊರತೆಗೆಯಬಹುದು. ವಾಹನವು ವಾರಗಟ್ಟಲೆ ನಿಂತಿರುವಾಗ ಬಿಡಿಸಿಟ್ಟರೆ ಸಣ್ಣಪುಟ್ಟ ಸೋರಿಕೆಯಿಂದ ಬ್ಯಾಟರಿ ಬರಿದಾಗುವುದಿಲ್ಲ. ಎರಡನೆಯದು, ವಿಂಚನ್ನು ಸದಾಕಾಲ ವಾಹನಕ್ಕೆ ಬಿಗಿದಿರಬೇಕಾಗಿಲ್ಲ. ವಾಹನದ ಮುಂದೊಂದು, ಹಿಂದೊಂದು ಕನೆಕ್ಟರನ್ನು ಇಟ್ಟರೆ, ಅದೇ ವಿಂಚನ್ನು ಅಗತ್ಯವಿದ್ದ ಕಡೆಗೆ ಸಾಗಿಸಿ ಕೂಡಿಸಬಹುದು. ಮೂರನೆಯದು, ಒಂದು ವಾಹನದ ಬ್ಯಾಟರಿ ಸೋತಾಗ ಇನ್ನೊಂದರಿಂದ ಕೈಗಡ ಪಡೆಯಬಹುದು. ಎರಡು ವಾಹನಗಳಲ್ಲಿಯೂ ಒಂದೇ ಬಗೆಯ ಕನೆಕ್ಟರ್ ಇದ್ದರೆ ಬ್ಯಾಟರಿಯ ಮೇಲೆಯೇ ಇಕ್ಕಳ ಹಿಡಿದು ಕಿಡಿ ಹಾರಿಸುವ ಪ್ರಸಂಗ ಬಾರದು.

ಉಪಕರಣವು ಒಳ್ಳೆಯದಾದರೆ ಸಾಲದು. ಅದನ್ನು ಅಳವಡಿಸುವ ಕ್ರಮವೂ ಒಳ್ಳೆಯದಿರಬೇಕು. ಮೊದಲಿಗೆ ತಂತಿಯ ದಪ್ಪವನ್ನು ವಿಚಾರಿಸೋಣ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಒಂದು ಮೀಟರ್ ತಾಮ್ರದ ತಂತಿಯ ರೋಧ ಸುಮಾರು 0.017 ಓಮ್. ತಂತಿ ಉದ್ದವಾದಂತೆ ರೋಧವು ಏರುತ್ತದೆ, ದಪ್ಪವಾದಂತೆ ಇಳಿಯುತ್ತದೆ. ಬ್ಯಾಟರಿಯಿಂದ ವಿಂಚಿಗೆ ಹೋಗುವ ಮತ್ತು ಮರಳುವ ತಂತಿಗಳ ಒಟ್ಟು ಉದ್ದ 8 ಮೀಟರ್ ಇದೆಯೆನ್ನೋಣ. 50 ಚದರ ಮಿಲಿಮೀಟರಿನ ತಂತಿಯಾದರೆ 400 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಕಳೆಯುವುದು ಸುಮಾರು 1.1 ವೋಲ್ಟ್. ಹಣದ ಉಳಿತಾಯಕ್ಕೆಂದು 10 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಅಷ್ಟೇ ಪ್ರವಾಹಕ್ಕೆ ಸುಮಾರು 5.5 ವೋಲ್ಟ್ ಕಳೆಯಬೇಕಾಗುತ್ತದೆ. ಇರುವ ಹನ್ನೆರಡರಲ್ಲಿ ಅರ್ಧದಷ್ಟು ದಾರಿಯಲ್ಲಿಯೇ ಹೋದರೆ ವಿಂಚು ಎಳೆಯುವುದೇನನ್ನು? ಕಳೆದುದೆಲ್ಲ ಉಷ್ಣವಾಗಿ ತಂತಿಯ ಹೊದಿಕೆಯನ್ನು ಕರಗಿಸುತ್ತದೆ.

ತಂತಿಯು ದಪ್ಪವಿದ್ದರೂ ಬಾಗುವಂತಿರಬೇಕು. ಒಂದೇ ದಪ್ಪ ಸಲಾಕೆಯಾದರೆ ವಾಹನದ ಅಲುಗಾಟಕ್ಕೆ ಮುರಿಯುತ್ತದೆ. ರಾಮದುರ್ಗದ ನೇಕಾರನಿಗೆ ನೂಲಿನ ಗುಣ ಗೊತ್ತು: ತೆಳುವಾದ ಎಳೆಗಳು ಹಲವು ಸೇರಿದಾಗ ಬಲವೂ ಬರುತ್ತದೆ, ಬಳುಕೂ ಉಳಿಯುತ್ತದೆ. ಬ್ಯಾಟರಿಯ ತಂತಿಯಲ್ಲಿಯೂ ನೂರಾರು ಸಣ್ಣ ತಾಮ್ರದ ಎಳೆಗಳು ಇರುವುದು ಈ ಕಾರಣಕ್ಕಾಗಿಯೇ. ಆ ಎಳೆಗಳನ್ನೆಲ್ಲ ಕನೆಕ್ಟರಿನ ನಾಲಗೆಯ ಕೊಳವೆಯೊಳಗೆ ತುಂಬಿ, ಅದಕ್ಕೆಂದೇ ಇರುವ ಯಂತ್ರದಿಂದ ಅದುಮಿ ಒಂದಾಗಿಸಬೇಕು. ಸುತ್ತಿಗೆಯಿಂದ ಬಡಿದರೆ ಎಳೆಗಳ ನಡುವೆ ತೆರಪು ಉಳಿಯುತ್ತದೆ. ತೆರಪಿನಲ್ಲಿ ತೇವ ಸೇರುತ್ತದೆ. ಬೆಸುಗೆಯನ್ನೊಂದನ್ನೇ ನಂಬಿದರೂ ಕಷ್ಟವಿದೆ. ತವರ ಮತ್ತು ಸೀಸದ ಬೆಸುಗೆಯು ಸುಮಾರು 183 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗತೊಡಗುತ್ತದೆ. ಅತಿಯಾಗಿ ಕಾದ ಕೂಡಿಕೆಯಲ್ಲಿ ಅದು ಕರಗಿ ಇಳಿದು, ತಂತಿಯೇ ಕಳಚಿಕೊಂಡೀತು.

ಎರಡು ತುಂಡುಗಳಿಗೂ ತಂತಿ ಹಾಕುವಾಗ ಧನ ಮತ್ತು ಋಣದ ಗುರುತುಗಳನ್ನು ನೋಡಿಯೇ ಹಾಕಬೇಕು. ತುಂಡುಗಳು ತಲೆಕೆಳಗಾಗಿ ಕೂಡುವುದಿಲ್ಲವೆಂಬುದು ನಿಜ; ಆದರೆ ತಂತಿಯನ್ನೇ ತಪ್ಪಾಗಿ ಹಾಕಿದರೆ ಆ ತಪ್ಪು ಪ್ರತಿ ಬಾರಿಯೂ ತಪ್ಪದೆ ನಡೆಯುತ್ತದೆ. ವಿದ್ಯುತ್ತು ತಿರುಗುಮುರುಗಾದರೆ ವಾಹನದ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರಿನ ಡಯೋಡುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತವೆ. ಆದುದರಿಂದ ಮೊದಲ ಸಲ ಕೂಡಿಸುವ ಮುನ್ನ ಮೀಟರಿನಿಂದ ಪರೀಕ್ಷಿಸುವುದು ಅವಶ್ಯ. ಅಲ್ಲದೆ, ವಿಂಚಿಗೆ ಹೋಗುವ ಧನಾಗ್ರದ ತಂತಿಯಲ್ಲಿ, ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ, ತಕ್ಕ ಅಳತೆಯ ಫ್ಯೂಜನ್ನೋ ತಾನಾಗಿ ಕಡಿಯುವ ಬ್ರೇಕರನ್ನೋ ಇರಿಸಬೇಕು. ತಂತಿಯು ವಾಹನದ ಮೈಗೆ ಉಜ್ಜಿ ಹೊದಿಕೆ ಹರಿದರೆ ಕಾಪಾಡುವುದು ಅದೊಂದೇ. ಫ್ಯೂಜು ದೂರದಲ್ಲಿದ್ದರೆ ಬ್ಯಾಟರಿಗೂ ಫ್ಯೂಜಿಗೂ ನಡುವಿನ ತಂತಿಗೆ ಯಾವ ಕಾವಲೂ ಇರುವುದಿಲ್ಲ.

ಇಲ್ಲಿ ಬಹು ಮುಖ್ಯವಾದ ಒಂದು ವಿಷಯವನ್ನು ಹೇಳಬೇಕು. ಕನೆಕ್ಟರು ಸ್ವಿಚ್ಚಲ್ಲ. ಸೆಲ್ಫ್ ತಿರುಗುತ್ತಿರುವಾಗಲೋ ವಿಂಚು ಎಳೆಯುತ್ತಿರುವಾಗಲೋ ಅದನ್ನು ಕಿತ್ತರೆ, ಅಗಲುತ್ತಿರುವ ನಾಲಗೆಗಳ ನಡುವಿನ ಗಾಳಿಯಲ್ಲಿಯೂ ವಿದ್ಯುತ್ತು ಹಾಯುತ್ತದೆ. ಕಣ್ಣು ಕೋರೈಸುವ ಆ ಜ್ವಾಲೆಗೆ ವಿದ್ಯುತ್ ಚಾಪವೆಂದು ಹೆಸರು. ಅದರ ಉಷ್ಣತೆಯು ಸಾವಿರಾರು ಡಿಗ್ರಿಗಳಷ್ಟು. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗಿಳಿಯುವುದರಿಂದ ಅಲ್ಲಿಯ ಚಾಪವು ಬೇಗ ಆರುತ್ತದೆ. ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಒಂದೇ ಸಮನೆ ಹರಿಯುತ್ತದೆ, ಅದಕ್ಕೆ ಸೊನ್ನೆಯಿಲ್ಲ. ಆದುದರಿಂದ ಮೊದಲು ಕೆಲಸವನ್ನು ನಿಲ್ಲಿಸಿ, ಪ್ರವಾಹ ನಿಂತ ಮೇಲೆ ಕನೆಕ್ಟರನ್ನು ಬಿಡಿಸುವುದು ಕ್ರಮ.

ಹಾಗಾದರೆ ಕ್ಷಣದಲ್ಲಿ ಬಿಡಿಸಬಹುದೆಂಬ ಗುಣಕ್ಕೆ ಬೆಲೆ ಎಲ್ಲಿ? ವಿಂಚಿನ ಮೋಟಾರಿಗೆ ಪ್ರವಾಹವನ್ನು ಬಿಡುವ ಮತ್ತು ತಡೆಯುವ ಒಂದು ದೊಡ್ಡ ಸ್ವಿಚ್ಚು ಇರುತ್ತದೆ. ಅಧಿಕ ಪ್ರವಾಹದಿಂದ ಅದರ ಮೊನೆಗಳು ಕಾದು ಒಂದಕ್ಕೊಂದು ಬೆಸೆದುಕೊಳ್ಳುವುದುಂಟು. ಆಗ ಗುಂಡಿಯ ಮೇಲಿನ ಬೆರಳನ್ನು ತೆಗೆದರೂ ವಿಂಚು ನಿಲ್ಲುವುದಿಲ್ಲ. ಹಗ್ಗವನ್ನು ಸುತ್ತಿಕೊಳ್ಳುತ್ತಲೇ ಇರುತ್ತದೆ. ಹಗ್ಗದ ದಾರಿಯಲ್ಲಿ ಒಬ್ಬನ ಕೈ ಇದ್ದರೆ? ಅಥವಾ ಟ್ರ್ಯಾಕ್ಟರಿನ ತಂತಿಗೆ ಬೆಂಕಿ ಹತ್ತಿಕೊಂಡು, ಹಿಂದಿನ ಟ್ರೇಲರಿನಲ್ಲಿ ಮಕ್ಕಳೂ ಮುದುಕರೂ ಕುಳಿತಿದ್ದರೆ? ಆಗ ನಿಯಮವನ್ನು ನೆನೆಯುತ್ತ ನಿಲ್ಲಲಾಗದು. ಹಿಡಿಕೆಯನ್ನು ಹಿಡಿದು ಒಂದೇ ರಭಸಕ್ಕೆ ಕನೆಕ್ಟರನ್ನು ಕೀಳಬೇಕು. ನಿಧಾನವಾಗಿ ಎಳೆದರೆ ಚಾಪವು ಬೆಳೆಯುತ್ತದೆ. ನಾಲಗೆಗಳು ಸುಟ್ಟರೆ ಸುಡಲಿ; ಅವನ್ನು ಮರುದಿನ ಬದಲಾಯಿಸಬಹುದು, ಕಳೆದುಹೋದ ಬೆರಳನ್ನು ಬದಲಾಯಿಸಲಾಗದು. ಕನೆಕ್ಟರಿಗೆ ಹಿಡಿಕೆಯನ್ನು ಜೋಡಿಸುವುದು ಮತ್ತು ಅದನ್ನು ಎಂಜಿನ್ನಿನ ಗವಿಯೊಳಗೆ ಬಚ್ಚಿಡದೆ ಕೈಗೆಟಕುವಲ್ಲಿ ಇರಿಸುವುದು ಇದಕ್ಕಾಗಿಯೇ. ಅದು ಎಲ್ಲಿದೆಯೆಂಬುದು ಚಾಲಕನಿಗೆ ಮಾತ್ರವಲ್ಲ, ಜೊತೆಗೆ ಕುಳಿತವರಿಗೂ ತಿಳಿದಿರಬೇಕು.

ಬೋಲ್ಟಿನ ಹಿಡಿಗಳಿರುವ ಬ್ಯಾಟರಿಯನ್ನು ಬಿಚ್ಚುವಾಗ ಇನ್ನೊಂದು ಕ್ರಮವಿದೆ. ಮೊದಲು ಋಣಾಗ್ರವನ್ನು ಬಿಚ್ಚಬೇಕು. ಹಾಕುವಾಗ ಋಣಾಗ್ರವನ್ನು ಕೊನೆಗೆ ಹಾಕಬೇಕು. ಇದು ಬರಿಯ ರೂಢಿಯಲ್ಲ. ಇಂದಿನ ವಾಹನಗಳಲ್ಲಿ ಸಾಮಾನ್ಯವಾಗಿ ಋಣಾಗ್ರವನ್ನು ವಾಹನದ ಲೋಹದ ಮೈಗೆ ಕೂಡಿಸಿರುತ್ತಾರೆ. ಧನಾಗ್ರವನ್ನು ಮೊದಲು ಬಿಚ್ಚಹೋದರೆ, ಪಾನಾದ ಇನ್ನೊಂದು ತುದಿ ವಾಹನದ ಮೈಗೆ ತಗುಲಿದಾಗ ಬ್ಯಾಟರಿಯ ಎರಡು ಅಗ್ರಗಳೂ ನೇರವಾಗಿ ಕೂಡಿದಂತಾಗುತ್ತದೆ. ಋಣಾಗ್ರವನ್ನು ಮೊದಲೇ ಬಿಚ್ಚಿದ್ದರೆ ಮಂಡಲವು ಮುರಿದಿರುತ್ತದೆ; ಪಾನಾ ಎಲ್ಲಿ ತಗುಲಿದರೂ ಕೇಡಿಲ್ಲ. ಕಾರಣವನ್ನು ಅರಿತವನು ಕ್ರಮವನ್ನು ಮರೆಯಲಾರ.

ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕವೂ ಆಮ್ಲಜನಕವೂ ಹೊರಡುತ್ತವೆ. ಗಾಳಿಯಲ್ಲಿ ಜಲಜನಕವು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಬ್ಯಾಟರಿ ಸಿಡಿದರೆ ಗಂಧಕಾಮ್ಲವು ಮುಖಕ್ಕೂ ಕಣ್ಣಿಗೂ ಎರಚುತ್ತದೆ. ಆದುದರಿಂದ ಬ್ಯಾಟರಿಯನ್ನು ಗಾಳಿಯಾಡುವ ಕಡೆಯಲ್ಲಿ ತುಂಬಿಸಬೇಕು. ನೀರಿನ ಮಟ್ಟವನ್ನು ನೋಡಲು ಬೆಂಕಿಕಡ್ಡಿ ಗೀರಲೇಬಾರದು. ಕೆಲಸಕ್ಕೆ ಮುನ್ನ ಉಂಗುರ, ಕಡಗ, ಗಡಿಯಾರಗಳನ್ನು ಕಳಚಿಡಬೇಕು. ಚಾರ್ಜರನ್ನು ನಿಲ್ಲಿಸಿದ ಮೇಲೆಯೇ ತಂತಿಯನ್ನು ಬಿಡಿಸಬೇಕು. ಕನೆಕ್ಟರು ಬ್ಯಾಟರಿಯಿಂದ ತುಸು ದೂರದಲ್ಲಿದ್ದರೆ, ಕಿಡಿ ಹಾರಿದರೂ ಆ ಅನಿಲದಿಂದ ದೂರವಿರುತ್ತದೆ. ಆಮ್ಲವು ಮೈಮೇಲೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಸುರಿದು ತೊಳೆಯಬೇಕು; ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಮ್ಮ ಸೀಮೆಯಲ್ಲಿ ಬೇಸಗೆಯ ಧೂಳೂ ಮಳೆಗಾಲದ ಕೆಸರೂ ಕನೆಕ್ಟರಿನ ಶತ್ರುಗಳು. ಬಿಡಿಸಿದ ತುಂಡಿನ ಬಾಯಿ ತೆರೆದೇ ಇದ್ದರೆ ಅದರೊಳಗೆ ಮಣ್ಣು ಸೇರುತ್ತದೆ. ಸರಪಳಿಯ ತುದಿಯೋ ತಂತಿಯ ಚೂರೋ ಬಿದ್ದರೆ ಎರಡು ಅಗ್ರಗಳೂ ಕೂಡಿಬಿಡುತ್ತವೆ. ಅದಕ್ಕಾಗಿ ಮುಚ್ಚಳವನ್ನು ಹಾಕಿಡಬೇಕು. ನಾಲಗೆಗಳು ಕಪ್ಪಾಗಿವೆಯೇ, ಪ್ಲಾಸ್ಟಿಕ್ಕು ಬಣ್ಣಗೆಟ್ಟಿದೆಯೇ ಎಂದು ಆಗಾಗ ನೋಡಬೇಕು. ಬಣ್ಣಗೆಟ್ಟಿದ್ದರೆ ಅದು ಒಳಗಿನ ಉಷ್ಣದ ಸೂಚನೆ. ಬ್ಯಾಟರಿಯ ಗುಬಟಿನ ಮೇಲೆ ಬೆಳೆದ ಪುಡಿಯನ್ನು ಅಡಿಗೆ ಸೋಡದ ನೀರಿನಿಂದ ತೊಳೆದು, ಒಣಗಿಸಿ, ಹಿಡಿಯನ್ನು ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನನ್ನು ಸವರಬೇಕು. ತೊಳೆಯುವ ನೀರು ಕೋಶಗಳೊಳಗೆ ಸೇರದಂತೆ ಎಚ್ಚರ ವಹಿಸಬೇಕು. ವಿಂಚನ್ನು ಎಂಜಿನ್ನು ಓಡುತ್ತಿರುವಾಗಲೇ ಬಳಸಬೇಕು. ನಡುನಡುವೆ ಅದಕ್ಕೆ ವಿಶ್ರಾಂತಿ ಕೊಡಬೇಕು. ಆಲ್ಟರ್ನೇಟರು ತುಂಬಿಕೊಡುವುದಕ್ಕಿಂತ ವಿಂಚು ಎಳೆಯುವುದು ಹಲವು ಪಟ್ಟು ಹೆಚ್ಚು. ಕೊಡದಲ್ಲಿ ತುಂಬಿ ಹಗೇವಿನಲ್ಲಿ ಖರ್ಚು ಮಾಡಿದರೆ ಯಾವ ಬ್ಯಾಟರಿಯೂ ಬಹುಕಾಲ ತಾಳದು.

2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಹರಿದು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ನದೀತೀರದ ಊರುಗಳು ನೀರಿನಿಂದ ಆವೃತವಾದುವು. ಅಂಥ ವಿಪತ್ತಿನಲ್ಲಿ ಜನರನ್ನೂ ದನಕರುಗಳನ್ನೂ ಕಾಳುಕಡಿಗಳನ್ನೂ ಎತ್ತರದ ನೆಲಕ್ಕೆ ಸಾಗಿಸಲು ಹಳ್ಳಿಯವರಿಗೆ ಮೊದಲು ಒದಗುವುದು ಟ್ರ್ಯಾಕ್ಟರು. ಆ ಹೊತ್ತಿನಲ್ಲಿ ಅದು ಹೊರಡದೆ ಹೋದರೆ, ಕಾರಣವು ಕಾಳಿನಷ್ಟು ಪುಡಿ ಬೆಳೆದ ಒಂದು ಕೂಡಿಕೆಯಾಗಿದ್ದರೂ, ಪರಿಣಾಮವು ಕಾಳಿನಷ್ಟಾಗಿರುವುದಿಲ್ಲ. ಸಾಲ ಮಾಡಿ ಕೊಂಡ ಟ್ರ್ಯಾಕ್ಟರು ಒಂದು ಹರಕು ತಂತಿಯಿಂದ ಸುಟ್ಟುಹೋದರೆ ಒಂದು ಮನೆತನವೇ ಹಲವು ವರ್ಷ ಹಿಂದೆ ಬೀಳುತ್ತದೆ.

ಬೈಲಹೊಂಗಲದಂಥ ಊರುಗಳ ಗ್ಯಾರೇಜುಗಳಲ್ಲಿ, ಶಾಲೆ ಬಿಟ್ಟು ಬಂದ ಹುಡುಗರು ಕೈಕೆಲಸವನ್ನು ಕಣ್ಣಿನಿಂದ ನೋಡಿ ಕಲಿಯುತ್ತಾರೆ. ಹೇಗೆ ಮಾಡಬೇಕೆಂಬುದು ಅವರಿಗೆ ತಿಳಿದಿರುತ್ತದೆ. ಏಕೆ ಹಾಗೆ ಮಾಡಬೇಕೆಂಬುದನ್ನು ಹೇಳುವವರು ವಿರಳ. ನೀವು ತರಗತಿಯಲ್ಲಿ ಓದುವ ಓಮನ ನಿಯಮ, ಜೂಲನ ನಿಯಮಗಳು ಪರೀಕ್ಷೆಯ ಹಾಳೆಗಷ್ಟೇ ಮೀಸಲಾದವುಗಳಲ್ಲ. ನಿಮ್ಮ ಮನೆಯ ಟ್ರ್ಯಾಕ್ಟರಿನ ಬಳಿ ನಿಂತು ನೋಡಿದರೆ ಅವು ಅಲ್ಲಿಯೂ ನಡೆದಿರುತ್ತವೆ. ತಂತಿ ಏಕೆ ಬಿಸಿಯಾಗಿದೆ, ಸೆಲ್ಫ್ ಏಕೆ ಸೋತಿದೆ, ಯಾವ ಹಿಡಿಯನ್ನು ಮೊದಲು ಬಿಚ್ಚಬೇಕು ಎಂಬುದನ್ನು ಕಾರಣಸಹಿತವಾಗಿ ಹೇಳಬಲ್ಲ ವಿದ್ಯಾರ್ಥಿಯು ಹೊಲದಲ್ಲಿ ದುಡಿಯುವ ತನ್ನ ಅಣ್ಣನಿಗೂ ಗ್ಯಾರೇಜಿನಲ್ಲಿ ದುಡಿಯುವ ತನ್ನ ಗೆಳೆಯನಿಗೂ ನೆರವಾಗಬಲ್ಲನು. ಶಕ್ತಿಯನ್ನು ಹೂಡಲು ಕಲಿತಷ್ಟೇ ಶ್ರದ್ಧೆಯಿಂದ ಅದನ್ನು ಬಿಚ್ಚಲೂ ಕಲಿತಾಗ ಮಾತ್ರ ಯಂತ್ರವು ಮನುಷ್ಯನ ಕೈಯಲ್ಲಿರುತ್ತದೆ.